ಹಿತ್ತಿಲಿಗೆ ಬಂದ ಗಿಡುಗ

ಕಳೆದ ಭಾನುವಾರ ಬೆಳಿಗ್ಗೆ ಸುಮಾರು ಏಳೂವರೆಯ ಸಮಯ. ಕಾಫಿ ಮುಗಿಸಿ, ವೃತ್ತಪತ್ರಿಕೆಯನ್ನು ಹಿಡಿದು ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಕುಳಿತಿದ್ದೆ. ತಿಪಟೂರಿನ ನಮ್ಮ ಮನೆಗೆ ಬಂದವರಿಗೆ ಆ ಹಿತ್ತಿಲಿನ ನೆನಪಿರಬಹುದು. ನಾಲ್ಕು ತೆಂಗಿನ ಮರ, ಒಂದು ನುಗ್ಗೆ, ಒಂದು ಸೀಬೆ, ಬೇಲಿಯ ಉದ್ದಕ್ಕೂ ದಾಸವಾಳ. ನಿವೃತ್ತನಾದಂದಿನಿಂದ ಅಲ್ಲಿನ ಕಲ್ಲುಚಪ್ಪಡಿಯ ಮೇಲೆ ದಿನವೂ ಒಂದು ಹಿಡಿ ನುಚ್ಚಕ್ಕಿಯನ್ನು ಚೆಲ್ಲುವುದು ನನ್ನ ರೂಢಿ. ಗುಬ್ಬಿ, ಬೆಳವ, ಅಳಿಲುಗಳೆಲ್ಲ ಬಂದು ತಿನ್ನುತ್ತವೆ. ಅವುಗಳ ಗದ್ದಲವಿಲ್ಲದಿದ್ದರೆ ನನಗೆ ಪತ್ರಿಕೆ ಓದಿದಂತೆಯೇ ಆಗುವುದಿಲ್ಲ.

ಅಂದು ಅಳಿಲೊಂದು ತೆಂಗಿನ ಬೊಡ್ಡೆಗೆ ಅಂಟಿಕೊಂಡು ಒಂದೇ ಸಮನೆ ಕೂಗತೊಡಗಿತು. ಬೆಕ್ಕು ಬಂದಿರಬಹುದೆಂದು ತಲೆಯೆತ್ತಿದೆ. ಅಷ್ಟರಲ್ಲಿ ನುಗ್ಗೆಯ ಮರದಿಂದ ಬೂದುಬಣ್ಣದ ಏನೋ ಒಂದು ನೆಲಕ್ಕೆ ತಾಗುವಷ್ಟು ಕೆಳಗೆ ನನ್ನ ಮುಂದೆಯೇ ಹಾದುಹೋಯಿತು. ಗುಬ್ಬಿಗಳು ಚದುರಿದವು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಚಪ್ಪಡಿಯ ಮೇಲೆ ಪಾರಿವಾಳದಷ್ಟು ಗಾತ್ರದ ಗಿಡುಗವೊಂದು ರೆಕ್ಕೆಗಳನ್ನು ಅರೆಬಿಚ್ಚಿ ನಿಂತಿತ್ತು. ಅದರ ಕಾಲಡಿಯಲ್ಲಿ ಒಂದು ಗುಬ್ಬಿ. ಅದು ನನ್ನನ್ನು ನೋಡಿತು. ಆ ಕಣ್ಣು ಗುಲಗಂಜಿಯಂತೆ ಕೆಂಪಾಗಿತ್ತು.

ನಾನು ಮಾಡಿದ ಕೆಲಸವನ್ನು ಮುಚ್ಚಿಡದೆ ಹೇಳುತ್ತೇನೆ. ಕೈಗೆ ಸಿಕ್ಕಿದ ಹೆಂಚಿನ ಚೂರನ್ನು ಬೀಸಿ ಎಸೆದೆ. ಅದು ಚಪ್ಪಡಿಗೆ ತಗುಲಿ ಸಿಡಿಯಿತು. ಗಿಡುಗ ಗುಬ್ಬಿಯನ್ನು ಬಿಡದೆ ಹಾರಿ ಸೀಬೆಯ ಕೊಂಬೆಯ ಮೇಲೆ ಕುಳಿತು, ನಿಧಾನವಾಗಿ ಪುಕ್ಕ ಕೀಳತೊಡಗಿತು. ಸದ್ದು ಕೇಳಿ ಹೊರಗೆ ಬಂದ ನನ್ನ ಮಡದಿ ನಡೆದುದನ್ನೆಲ್ಲ ಕೇಳಿ, "ಅಕ್ಕಿ ಚೆಲ್ಲಿ ಗುಬ್ಬಿಗಳನ್ನು ಬಯಲಿಗೆ ಕರೆದವರು ನೀವು, ಕಲ್ಲು ಮಾತ್ರ ಅದಕ್ಕೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕಪಾಟಿನಿಂದ ಸಲೀಂ ಅಲಿಯವರ ಪಕ್ಷಿಪುಸ್ತಕವನ್ನು ತೆಗೆದು, ಬಾಗಿಲ ಮರೆಯಲ್ಲಿ ನಿಂತು ಹೋಲಿಸಿ ನೋಡಿದೆ. ಬೂದು ಬೆನ್ನು, ಎದೆಯ ಮೇಲೆ ಕಂದುಗೆಂಪಿನ ಸಣ್ಣ ಅಡ್ಡಗೆರೆಗಳು, ಗಂಟಲ ನಡುವೆ ಒಂದು ಮಸುಕು ಗೆರೆ. ಅದು ಶಿಕ್ರಾ, ಕಣ್ಣಿನ ಕಡುಗೆಂಪನ್ನು ನೋಡಿದರೆ ಗಂಡು. ಹೆಣ್ಣು ಗಾತ್ರದಲ್ಲಿ ಇದಕ್ಕಿಂತ ದೊಡ್ಡದು. ಹದ್ದಿನಂತೆ ಆಕಾಶದಲ್ಲಿ ಸುತ್ತುತ್ತ ಹುಡುಕುವುದು ಇದರ ಮುಖ್ಯ ಕ್ರಮವಲ್ಲ. ಎಲೆಗಳ ಮರೆಯಲ್ಲಿ ಹೊಂಚುಹಾಕಿ ಕುಳಿತು ಒಮ್ಮೆಲೇ ಎರಗುತ್ತದೆ. ಗಿಡ್ಡವಾದ ದುಂಡು ರೆಕ್ಕೆ ಮತ್ತು ಉದ್ದನೆಯ ಬಾಲ ಇರುವುದರಿಂದ ಮರಗಳ ಸಂದಿಯಲ್ಲಿ ಸರಕ್ಕನೆ ತಿರುಗಬಲ್ಲದು. ಓತಿಕ್ಯಾತ, ಇಲಿ, ಅಳಿಲು, ಸಣ್ಣ ಹಕ್ಕಿ ಇದರ ಆಹಾರ. ಕಾಡೇ ಬೇಕೆಂದಿಲ್ಲ; ತೋಟ, ಊರು, ನಗರದ ಉದ್ಯಾನಗಳಲ್ಲಿಯೂ ಬಾಳುತ್ತದೆ.

ನಮ್ಮ ಪೂರ್ವಿಕರಿಗೆ ಇಂತಹ ಹಕ್ಕಿಗಳು ಅಪರಿಚಿತವಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗಿಡುಗಗಳಿಂದ ಬೇಟೆಯಾಡಿಸುವ ವಿನೋದಕ್ಕೆಂದೇ ಒಂದು ಭಾಗವಿದೆ. 1485ರಲ್ಲಿ ವಿಜಯನಗರದ ಗದ್ದುಗೆಯೇರಿದ ಸಾಳುವ ನರಸಿಂಹನ ಮನೆತನದ ಹೆಸರಿನಲ್ಲಿರುವ 'ಸಾಳುವ' ಎಂಬ ಪದಕ್ಕೂ ಬೇಟೆಯ ಗಿಡುಗವೆಂದೇ ಅರ್ಥ. ಹೆಸರಿನಲ್ಲಿ ಹೊತ್ತು ಮೆರೆದ ಹಕ್ಕಿಗೆ ನಾನು ಹೆಂಚಿನ ಚೂರು ಎಸೆದಿದ್ದೆ.

ಆದರೆ ಅಂದು ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ನೆನಪು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಒಂಬತ್ತನೆಯ ತರಗತಿಗೆ ಆಹಾರ ಸರಪಳಿಯನ್ನು ಪಾಠಮಾಡಿದವನು. ಹುಲ್ಲು, ಮಿಡತೆ, ಕಪ್ಪೆ, ಹಾವು, ಗಿಡುಗ. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುವ ಶಕ್ತಿ ಸರಾಸರಿ ಶೇಕಡಾ 10ರಷ್ಟು ಮಾತ್ರ. ಆದ್ದರಿಂದಲೇ ಹುಲ್ಲು ಅಪಾರ, ಗಿಡುಗ ವಿರಳ. ಒಂದು ಗಿಡುಗ ಬದುಕಿದೆಯೆಂದರೆ ಅದರ ಕೆಳಗಿನ ಮೆಟ್ಟಿಲುಗಳೆಲ್ಲ ಇನ್ನೂ ಗಟ್ಟಿಯಾಗಿವೆ ಎಂದೇ ಅರ್ಥ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಆದರೂ ಸರಪಳಿ ನನ್ನ ಹಿತ್ತಿಲಿನಲ್ಲಿಯೇ ಕಂಡಾಗ ಕೈ ಕಲ್ಲಿಗೆ ಹೋಯಿತು.

1994ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ ಬಾಣದ ಗುರುತುಗಳನ್ನೆಲ್ಲ ತಿರುಗುಮುರುಗಾಗಿ ಬರೆದಿದ್ದ. ಶಕ್ತಿ ಹರಿಯುವುದು ತಿನ್ನಲ್ಪಡುವುದರಿಂದ ತಿನ್ನುವುದರ ಕಡೆಗೆ. ಬಾಣವೂ ಹಾಗೆಯೇ ಇರಬೇಕು. ಅವನು ಗಿಡುಗದಿಂದ ಹಾವಿನ ಕಡೆಗೆ ಎಳೆದಿದ್ದ. ಕೇಳಿದ್ದಕ್ಕೆ, "ಗಿಡುಗ ತಾನೇ ಹಾರಿ ಬರುವುದು ಸಾರ್, ಹಾವು ಹೋಗುವುದಿಲ್ಲವಲ್ಲ" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಎರಡು ಅಂಕ ಕಳೆದೆ. ಅವನು ತಲೆತಗ್ಗಿಸಿ ಕುಳಿತ. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತಪ್ಪು ಉತ್ತರದ ಹಿಂದೆಯೂ ಮಗುವಿನ ಆಲೋಚನೆಯೊಂದಿರುತ್ತದೆ, ಅದನ್ನು ಮೊದಲು ಹುಡುಕಬೇಕು ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದರು. ಅದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅಲ್ಲಿಯೇ ಬಿಟ್ಟಿದ್ದೆ. ಪಠ್ಯದ ಪ್ರಕಾರ ಹುಡುಗನ ಬಾಣ ತಪ್ಪು, ನಿಜ. ಆದರೆ ಅವನು ಗಿಡುಗ ಎರಗುವುದನ್ನು ಕಣ್ಣಾರೆ ಕಂಡಿದ್ದ; ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದೆ. ಅವನ ಮಾತನ್ನೇ ಹಿಡಿದು, "ಹಕ್ಕಿ ಈ ಕಡೆ ಬರುತ್ತದೆ, ಹಾಗಾದರೆ ಶಕ್ತಿ ಯಾವ ಕಡೆ ಹೋಗುತ್ತದೆ?" ಎಂದು ಕೇಳಿದ್ದರೆ ಇಡೀ ತರಗತಿಗೆ ಪಾಠ ಆಗುತ್ತಿತ್ತು.

ಈಗ ನುಚ್ಚಕ್ಕಿಯನ್ನು ಚಪ್ಪಡಿಯ ಮೇಲೆ ಚೆಲ್ಲುವುದನ್ನು ಬಿಟ್ಟಿದ್ದೇನೆ. ದಾಸವಾಳದ ಪೊದೆಯ ಬುಡದಲ್ಲಿ ಹಾಕುತ್ತೇನೆ. ಗುಬ್ಬಿಗಳಿಗೆ ನುಗ್ಗಿ ಅಡಗಲು ಜಾಗವಿದೆ. ಬುಧವಾರ ಗಿಡುಗ ಮತ್ತೆ ಬಂದಿತ್ತು. ಪೊದೆಗೆ ಎರಗಿ ಬರಿಗಾಲಿನಲ್ಲಿ ಹಿಂದಿರುಗಿ, ಆಮೇಲೆ ಬೇಲಿಯಿಂದ ಓತಿಕ್ಯಾತವೊಂದನ್ನು ಹಿಡಿದುಕೊಂಡು ಹೋಯಿತು. ನಾನು ಬಾವಿಕಟ್ಟೆಯಿಂದ ಏಳಲಿಲ್ಲ.

ಆ ಹುಡುಗನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದು ಸರಿಯಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಒಂದು ಬೆಳಿಗ್ಗೆ ಮನೆಗೆ ಬರಲಿ. ಕಾಫಿ ಕುಡಿಯುತ್ತ ಇಬ್ಬರೂ ನುಗ್ಗೆಯ ಮರವನ್ನು ನೋಡುತ್ತ ಕುಳಿತಿರೋಣ.