ಗಾಜಿನ ಹಂಚಿನ ಬೆಳಕು

ಪಡೀಲಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಹಿಂದೆ ಕಂಕನಾಡಿಯೆನಿಸಿಕೊಂಡು ಈಗ ಮಂಗಳೂರು ಜಂಕ್ಷನ್ ಎಂಬ ಹೆಸರು ಪಡೆದಿರುವ ನಿಲ್ದಾಣದಿಂದ ಮುಂಬಯಿಗೆ ಹೊರಡುವ ಗಾಡಿಯ ಕೂಗು ಆ ತರುಣನ ಸ್ಟುಡಿಯೋಕ್ಕೆ ಕೇಳಿಸುತ್ತದೆ. ಸ್ಟುಡಿಯೋ ಎಂದರೆ ಹಂಚಿನ ಮನೆಯ ಚಾವಡಿ, ಅಷ್ಟೆ. ಮಾಡಿನಲ್ಲಿ ಕೂರಿಸಿದ ಎರಡು ಗಾಜಿನ ಹಂಚುಗಳೇ ಅವನಿಗೆ ಬೆಳಕಿನ ಮೊದಲ ಪಾಠ ಹೇಳಿದ ಗುರುಗಳು.

ಜಾಹೀರಾತು ಮತ್ತು ಫ್ಯಾಷನ್ ಛಾಯಾಗ್ರಾಹಕನಾಗಬೇಕೆಂಬುದು ಅವನ ಹಂಬಲ. ೧೯೯೪ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ. ಹೆಸರಾದದ್ದು ಮುಂಬಯಿಯ ಕ್ಯಾಮೆರಾಗಳ ಮುಂದೆ. ಊರಿನ ಚೆಲುವೆಲ್ಲ ರೈಲು ಹತ್ತಿಬಿಟ್ಟರೆ ಊರಿನ ಛಾಯಾಗ್ರಾಹಕನಿಗೆ ಉಳಿಯುವುದೇನು? ಪಾಸ್‌ಪೋರ್ಟ್ ಅಳತೆಯ ಮುಖಗಳು! ೨೦೨೫ರಲ್ಲಿ ಜಿಲ್ಲಾಧಿಕಾರಿಗಳ ಹೊಸ ಕಚೇರಿ ಪಡೀಲಿನಲ್ಲಿ ತೆರೆದ ಮೇಲಂತೂ ಅವಕ್ಕೆ ಬರವಿಲ್ಲ.

ಆರು ವರ್ಷ ಅವನು ಮದುವೆಮನೆಗಳಲ್ಲಿ ಇನ್ನೊಬ್ಬರ ದೀಪ ಹಿಡಿದು ನಿಂತವನು. ಆಟಿ ತಿಂಗಳಲ್ಲಿ ಮದುವೆಗಳಿಲ್ಲ. ಆಗಲೇ ಅವನ ಅಭ್ಯಾಸ. ಅಕ್ಕನ ಬಳೆಯನ್ನು ಮೇಜಿನ ಮೇಲಿಟ್ಟು ದಿನಗಟ್ಟಲೆ ತಿಣುಕಿದ. ಚಿನ್ನವೆಂಬುದು ಕನ್ನಡಿಯ ಜಾತಿ. ನೇರ ಬೆಳಕು ಬಿದ್ದರೆ ಒಂದೆಡೆ ಬಿಳಿಯ ಮಚ್ಚೆ, ಉಳಿದೆಡೆ ಕತ್ತಲೆ. ಸಾಲದುದಕ್ಕೆ ಚಿತ್ರ ತೆಗೆಯುವವನ ಮೂಗೂ ಅದರಲ್ಲಿ ಮೂಡುತ್ತದೆ. ತಂದೆಯ ಬಿಳಿ ಪಂಚೆಯನ್ನು ಸುತ್ತ ಕಟ್ಟಿ ಬೆಳಕನ್ನು ಸೋಸಿದ. ಒಂದು ಮಗ್ಗುಲಿಗೆ ಕರಿಯ ಕಾಗದವನ್ನು ಹಿಡಿದಾಗ ಬಳೆಯ ಅಂಚು ಎದ್ದು ಬಂತು. ಅಂದು ಅವನು ಊಟಕ್ಕೇಳಲಿಲ್ಲ.

ಆ ಚಿತ್ರವನ್ನು ಕಂಡು ಸೀರೆಯ ವ್ಯಾಪಾರಿಯೊಬ್ಬರು ಕೆಲಸ ಕೊಟ್ಟರು. ನೆರೆಮನೆಯ ಹುಡುಗಿ, ಎಣ್ಣೆಗಪ್ಪಿನ ಮೈಬಣ್ಣದವಳು, ಹಸುರು ಸೀರೆಯುಟ್ಟು ಗಾಜಿನ ಹಂಚಿನ ಕೆಳಗೆ ನಿಂತಳು. ಚಿತ್ರ ಅಪೂರ್ವವಾಗಿ ಬಂತು. ವ್ಯಾಪಾರಿ ನೋಡಿ, “ಮುಖ ಸ್ವಲ್ಪ ಬೆಳ್ಳಗಾಗಲಿ” ಎಂದರು. ಮುಂಗಡ ಆಗಲೇ ಖರ್ಚಾಗಿತ್ತು. ಅವನು ಬೆಳ್ಳಗೆ ಮಾಡಿದ.

ಹೆದ್ದಾರಿಯ ಫಲಕದಲ್ಲಿ ಅದನ್ನು ಕಂಡ ಹುಡುಗಿಯ ತಾಯಿ ನೇರವಾಗಿ ಚಾವಡಿಗೆ ಬಂದರು.

“ಇದು ಯಾರ ಮಗಳು ಮಾರಾಯಾ?”

ಉತ್ತರಕ್ಕಾಗಿ ಅವರು ಬಹಳ ಹೊತ್ತು ನಿಂತೇ ಇದ್ದರು. ಅವನು ಕ್ಯಾಮೆರಾದ ಪಟ್ಟಿಯನ್ನು ಸುತ್ತುತ್ತ ಬಿಚ್ಚುತ್ತ ಕುಳಿತಿದ್ದ.

ತಿದ್ದದ ಚಿತ್ರವನ್ನಾದರೂ ತನ್ನ ಹೆಸರಿನಲ್ಲಿ ಪ್ರದರ್ಶಿಸೋಣವೆಂದರೆ ಪರಿಚಯದ ವಕೀಲರು ತಲೆಯಾಡಿಸಿದರು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಕರಾರೆಲ್ಲಿತ್ತು? ಒಂದು ಲೋಟ ಚಹಾ ಕುಡಿದು ಆದ ಮಾತು ಅದು.

ಈಗ ಅವನ ಮೇಜಿನ ಮೇಲೆ ಒಂದು ಅಚ್ಚುಹಾಕಿಸಿದ ಕಾಗದವಿದೆ. ಚಿತ್ರದ ಒಡೆತನ ಯಾರದು, ಎಷ್ಟು ಕಾಲ ಎಲ್ಲೆಲ್ಲಿ ಬಳಸಬಹುದು ಎಂಬ ವಿವರಗಳ ಕೆಳಗೆ, ಮುಖದ ಬಣ್ಣವನ್ನು ಬದಲಿಸತಕ್ಕದ್ದಲ್ಲ ಎಂಬ ಸಾಲು. ಮೊನ್ನೆ ಬಂದ ಆಭರಣದ ಅಂಗಡಿಯವರು ಅದನ್ನು ಎರಡು ಬಾರಿ ಓದಿದರು. ಕನ್ನಡಕ ತೆಗೆದು, “ನಾಳೆ ಹೇಳುತ್ತೇನೆ” ಎಂದು ಎದ್ದರು.

ಆ ನಾಳೆ ಇನ್ನೂ ಬಂದಿಲ್ಲ. ಆಟಿ ಹಿಡಿದಿದೆ. ಮಳೆ ಬಿಟ್ಟ ಹೊತ್ತು ನೋಡಿ ಅವನು ಏಣಿ ಹತ್ತಿ, ಗಾಜಿನ ಹಂಚುಗಳ ಮೇಲಿನ ಪಾಚಿಯನ್ನು ಉಜ್ಜುತ್ತಿದ್ದಾನೆ.