ಕೃಷ್ಣೆಯ ದಂಡೆಯಲ್ಲಿ ಪಟವರ್ಧನರ ಜಾಡು

ಮಿರಜದಿಂದ ಬೆಳಗಾವಿಯತ್ತ ಹೊರಟ ರೈಲು ಶೇಡಬಾಳ, ಉಗಾರ ದಾಟಿ, ಕೃಷ್ಣೆಯ ಸೇತುವೆ ಹಾಯ್ದು, ಕುಡಚಿಯ ಮೇಲಿಂದ ರಾಯಬಾಗಕ್ಕೆ ಬರುತ್ತದೆ. ಕಿಟಕಿಯಾಚೆ ಉದ್ದಕ್ಕೂ ಕಬ್ಬು. ಎಲ್ಲಿಯೂ ಗಡಿಯ ಗುರುತು ಕಾಣದು. ನೂರು ವರ್ಷದ ಹಿಂದೆ ಇದೇ ಹಾದಿಯಲ್ಲಿ ಬಂದವನು ಮಾತ್ರ ಮೂರು ದೊರೆತನಗಳ ನೆಲ ತುಳಿಯುತ್ತಿದ್ದ. ಮಿರಜ ಪಟವರ್ಧನರ ಸಂಸ್ಥಾನ, ಶೇಡಬಾಳ ಇಂಗ್ಲಿಷರದು, ರಾಯಬಾಗ ಕೊಲ್ಹಾಪುರದ ಮಹಾರಾಜರದು. ನಕಾಶೆ ಹೀಗೆ ಚೂರುಚೂರಾದದ್ದೇಕೆ ಎಂದು ತಿಳಿಯಬೇಕಾದರೆ ಒಂದು ಮನೆತನದ ವಂಶಾವಳಿಯನ್ನು ಬಿಚ್ಚಿ ನೋಡಬೇಕು.

ಆ ಮನೆತನ ಈ ಸೀಮೆಯದಲ್ಲ. ಮೂಲಪುರುಷ ಹರಭಟ್ಟ ಪಟವರ್ಧನ ಕೊಂಕಣದ ರತ್ನಾಗಿರಿ ಕಡೆಯ ಕೋತವಡೆ ಗ್ರಾಮದವರು, ಗಣಪತಿಯ ಉಪಾಸಕರು. 18ನೇ ಶತಮಾನದ ಆರಂಭದಲ್ಲಿ ಘಟ್ಟ ಹತ್ತಿ ಬಂದು ಇಚಲಕರಂಜಿಯ ಘೋರ್ಪಡೆ ಮನೆತನಕ್ಕೆ ಕುಲಪುರೋಹಿತರಾದರು. ತಂದೆಯ ಕೈಯಲ್ಲಿ ಪಂಚಾಂಗವಿತ್ತು. ಮಕ್ಕಳು ಕತ್ತಿ ಹಿಡಿದರು. ಗೋವಿಂದ ಹರಿ, ರಾಮಚಂದ್ರ ಹರಿ, ತ್ರ್ಯಂಬಕ ಹರಿ ಈ ಮೂವರು ಪೇಶ್ವೆಯರ ದಂಡಿನಲ್ಲಿ ಹೆಸರು ಮಾಡಿದರು. 1763-64ರ ಸುಮಾರಿಗೆ ಮಾಧವರಾವ ಪೇಶ್ವೆ ಈ ಮನೆತನಕ್ಕೆ ದೊಡ್ಡ ಸರಂಜಾಮನ್ನೇ ಬರೆದುಕೊಟ್ಟರು.

ಸರಂಜಾಮು ಎಂದರೆ ಹೊಲದ ಒಡೆತನವಲ್ಲ, ಹಳ್ಳಿಗಳ ಕಂದಾಯದ ಹಕ್ಕು. ಅದರ ಬದಲಿಗೆ ಇಂತಿಷ್ಟು ಕುದುರೆ ಸವಾರರನ್ನು ಸಾಕಿ, ಕರೆದಾಗ ಯುದ್ಧಕ್ಕೆ ಕಳಿಸಬೇಕು. ಶೇಡಬಾಳದ ರೈತ ಉತ್ತು ಬಿತ್ತುವ ಹೊಲ ಅವನದೇ. ಆದರೆ ಅವನು ಕಟ್ಟಿದ ದುಡ್ಡು ಯಾರ ಚಾವಡಿಗೆ ಹೋಗಬೇಕೆಂಬುದನ್ನು ಪುಣೆಯ ಕಾಗದವೊಂದು ನಿಶ್ಚಯಿಸುತ್ತಿತ್ತು.

ಪಟವರ್ಧನರಲ್ಲಿ ಹೆಚ್ಚು ಹೆಸರಾದವನು ರಾಮಚಂದ್ರ ಹರಿಯ ಮಗ ಪರಶುರಾಮಭಾವು. 1791ರಲ್ಲಿ ಟಿಪ್ಪುವಿನ ದಂಡು ಕಾಯುತ್ತಿದ್ದ ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ ಹಿಡಿದವನು ಇವನೇ. ಅಂಥವನ ಕೊನೆಯಾದದ್ದು 1799ರಲ್ಲಿ, ಚಿಕ್ಕೋಡಿ ಸೀಮೆಯ ಪಟ್ಟಣಕುಡಿಯ ಹತ್ತಿರ, ಕೊಲ್ಹಾಪುರದ ದಂಡಿನೊಡನೆ ಕಾದಾಡುತ್ತ.

ಆಮೇಲೆ ಶುರುವಾಯಿತು ವಾಟ್ನಿ. ಇಂದಿನ ಒಕ್ಕಲುತನದ ಮನೆಗಳಲ್ಲಿ ಆಗುವುದಕ್ಕಿಂತ ಅದೇನೂ ಬೇರೆಯಲ್ಲ, ಹಳ್ಳಿಗಳ ಲೆಕ್ಕದಲ್ಲಿ ಆಯಿತು ಅಷ್ಟೆ. ಚಿಂತಾಮಣರಾವ ಚಿಕ್ಕಪ್ಪನೊಡನೆ ಜಗಳವಾಡಿ ಮಿರಜ ಬಿಟ್ಟು ಸಾಂಗಲಿಗೆ ಹೋದ. 1811ರಲ್ಲಿ ಕುರುಂದವಾಡ ಎರಡು ಹೋಳಾಗಿ ಶೇಡಬಾಳ ಬೇರೆಯಾಯಿತು. 1820ರಲ್ಲಿ ಮಿರಜ ನಾಲ್ಕು ಪಾಲಾಯಿತು. ಮಕ್ಕಳು ಹೆಚ್ಚಾದಷ್ಟೂ ಜಹಗೀರು ಸಣ್ಣದಾಯಿತು.

ಮಕ್ಕಳಿಲ್ಲದಿದ್ದರೆ? ಆಗ ಕಂಪನಿ ಸರ್ಕಾರ ಬಾಗಿಲಲ್ಲೇ ನಿಂತಿರುತ್ತಿತ್ತು. ಗಂಡು ಸಂತಾನವಿಲ್ಲವೆಂದು ಮಿರಜದ ಎರಡು ಪಾಲುಗಳನ್ನು 1842 ಮತ್ತು 1845ರಲ್ಲಿ, ಶೇಡಬಾಳವನ್ನು 1857ರಲ್ಲಿ ನುಂಗಿತು. ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳ ಇಂಗ್ಲಿಷರ ಜಿಲ್ಲೆಗೆ ಸೇರಿದ್ದು ಯುದ್ಧದಿಂದಲ್ಲ, ಒಂದು ಮನೆಯಲ್ಲಿ ತೊಟ್ಟಿಲು ತೂಗದ್ದರಿಂದ.

ಪಟವರ್ಧನರ ನೆರೆಯವನಾದ ನಿಪ್ಪಾಣಿಯ ಸಿದ್ದೋಜಿರಾವ ನಿಂಬಾಳಕರನ ಕಥೆಯೂ ಇದೇ. ಜನ ಅವನನ್ನು ಅಪ್ಪಾ ದೇಸಾಯಿ ಎನ್ನುತ್ತಿದ್ದರು. ಅವನು ವಾರಸುದಾರನಿಲ್ಲದೆ 1839ರಲ್ಲಿ ತೀರಿಕೊಂಡಾಗ ನಿಪ್ಪಾಣಿಯ ಜೊತೆಗೆ ಅಥಣಿಯೂ ಕಂಪನಿಯ ಪಾಲಾಯಿತು. ಜನ ಅದನ್ನು ಸುಮ್ಮನೆ ಒಪ್ಪಲಿಲ್ಲ. 1841ರಲ್ಲಿ ಬಂಡೆದ್ದವರು ನಿಪ್ಪಾಣಿಯ ಕೋಟೆಯನ್ನೇ ಹಿಡಿದುಕೂತರು. ಅವರನ್ನು ಬಗ್ಗಿಸಲು ಕಂಪನಿ ದಂಡು ತರಬೇಕಾಯಿತು. ಚಿಕ್ಕೋಡಿಯ ಪಾಡು ಇನ್ನೂ ವಿಚಿತ್ರ: ಪೇಶ್ವೆಯರ ಮೇಲಿನ ಯುದ್ಧದಲ್ಲಿ ನೆರವಾದ ಕೊಲ್ಹಾಪುರಕ್ಕೆ ಇಂಗ್ಲಿಷರು ಅದನ್ನು ಇನಾಮು ಕೊಟ್ಟು, 1827ರಲ್ಲಿ ಮರಳಿ ಕಸಿದುಕೊಂಡರು. ರಾಯಬಾಗ ಒಂದೇ ಕೊಲ್ಹಾಪುರದ ಕೈಯಲ್ಲಿ 1949ರವರೆಗೆ ಉಳಿಯಿತು.

ಇಷ್ಟೆಲ್ಲ ಇಂದು ಹೇಳಲು ಬರುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಮಿರಜದ ಹೈಸ್ಕೂಲಿನ ಒಬ್ಬ ಸಂಸ್ಕೃತ ಮಾಸ್ತರರು. ವಾಸುದೇವಶಾಸ್ತ್ರಿ ಖರೆ (1858-1924) ಪಟವರ್ಧನರ ದಫ್ತರಗಳಲ್ಲಿ ದೂಳು ತಿನ್ನುತ್ತಿದ್ದ ಪತ್ರಗಳನ್ನು ಓದಿ, ವಿಂಗಡಿಸಿ, 'ಐತಿಹಾಸಿಕ ಲೇಖ ಸಂಗ್ರಹ' ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಪಾಠ ಹೇಳುವ ಕೆಲಸದ ನಡುವೆಯೇ ಶುರುವಾದ ಈ ದುಡಿಮೆ ಅವರ ಕೊನೆಯವರೆಗೂ ನಡೆಯಿತು.

ಆ ಪತ್ರಗಳು ಮೋಡಿ ಲಿಪಿಯಲ್ಲಿದ್ದವು. ಲೇಖನಿ ಎತ್ತದೆ ಬರೆಯುತ್ತಿದ್ದ ಆ ಅಕ್ಷರ ಈ ತಾಲೂಕುಗಳ ಎಷ್ಟೋ ಕನ್ನಡ ಮನೆಗಳ ಹಳೆಯ ಖರೀದಿ ಪತ್ರಗಳಲ್ಲೂ ಇದೆ. ಇಂದು ಮಗ ಕಂಪ್ಯೂಟರಿನ ಉತಾರ ತರುತ್ತಾನೆ. ಅದರ ಹಿಂದಿನ ಹಕ್ಕು ಅಜ್ಜನ ಟ್ರಂಕಿನಲ್ಲಿ ಮೋಡಿಯಲ್ಲಿ ಮಡಿಚಿಕೊಂಡು ಕೂತಿದೆ. ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಪುಣೆಯ ಪೇಶ್ವೆ ದಫ್ತರದಲ್ಲಂತೂ ಇಂಥ ರುಮಾಲುಗಳು ಸಾವಿರಗಟ್ಟಲೆ. ಅವುಗಳಲ್ಲಿ ಬಹುಪಾಲು ಇನ್ನೂ ಅಚ್ಚು ಕಂಡಿಲ್ಲ. ಕೃಷ್ಣೆಯ ಈಚೆಯ ಹಳ್ಳಿಗಳ ಲೆಕ್ಕವೂ ಅಲ್ಲೇ ಇದೆ.