ಗೆದ್ದದ್ದೇನೋ ಖರೆ, ಆದ್ರ...

ಗ್ರಹಣ ಹಿಡದ ಹೊತ್ತಿನ್ಯಾಗ ಒಣಾ ಮಾಂಸದ ಪಾಕೀಟು ಮನಿಯೊಳಗ ಬಂದು ಟೀಪಾಯಿ ಮ್ಯಾಲೆ ಕೂತದ್ದು ನನ್ನ 62 ವರ್ಷದ ಆಯುಷ್ಯದಾಗ ಅದ ಮೊದಲನೇ ಸಲ. ಅದೂ ಸೀಗಿ ಹುಣ್ಣಿವಿ ದಿವಸ. ಅದೂ ಏಳು ತಿಂಗಳ ಬಸರಿ ಇದ್ದ ಮನಿಯೊಳಗ. ಧಾರವಾಡದಾಗ ಆಗಿದ್ರ ನಾ ಟೀಪಾಯಿ ಸಮೇತ ಹೊರಗ ಒಗೀತಿದ್ದೆ. ಆದ್ರ ಇದು ಜೋಹಾನ್ಸ್‌ಬರ್ಗ್, ಮನಿ ಅಳಿಯಂದ್ರದು, ಪಾಕೀಟು ತಂದವರು ಬಾಜೂ ಮನಿ ಅಜ್ಜ. ಅದಕ್ಕ ಬಿಲ್ಟಾಂಗ್ ಅಂತಾರಂತ. ನಾ ಮೊದಲ ಹುಣಸಿಹಣ್ಣು ಅಂತ ತಿಳಕೊಂಡು ಕೈ ಹಾಕೋದರಾಗಿದ್ದೆ, ಮಗಳು ಚೀರಿದಳು.

ನಾ ಬಂದದ್ದು ಬಾಣಂತನಕ್ಕ. ಬಾಣಂತನಾ ಇನ್ನೂ ದೂರ ಇತ್ತು ಖರೆ, ಆದ್ರ ಐದರಾಗ ಡಾಕ್ಟರು ಮಗಳಿಗೆ ಹೊಲಿಗಿ ಹಾಕಿ, 'ಇನ್ನ ಮ್ಯಾಲೆ ಬರೇ ಮಲಗೋದ ಕೆಲಸ' ಅಂತ ಹೇಳಿಬಿಟ್ಟಿದ್ರು. ಹೋದ ವರ್ಷ ಒಂದು ಕೈತಪ್ಪಿ ಹೋಗಿತ್ತು. ಹಿಂಗಾಗಿ ನಮ್ಮ ಮನಿಯವರು 'ನಾ ಖಾನಾವಳಿ ಡಬ್ಬಿ ಹಚ್ಕೋತೀನಿ, ನೀ ಮೊದಲ ಹೋಗು' ಅಂದು ನನ್ನ ವಿಮಾನಾ ಹತ್ತಿಸಿದ್ರು. ಮಗಳು ಸೋಫಾ ಹಿಡದಿದ್ಲು. ಟಿವಿ ಸೋಫಾದ ಎದುರಿಗಿತ್ತು. ಟಿವಿಯೊಳಗ ರಗ್ಬಿ ವರ್ಲ್ಡ್ ಕಪ್ ಇತ್ತು. ಹಿಂಗ ಶುರು ಆತು ನಮ್ಮ ಕಥಿ.

ರಗ್ಬಿ ಅಂದ್ರ ನನಗೇನೂ ಗೊತ್ತಿರಲಿಲ್ಲ. ಮೊದಲ ದಿವಸ ನೋಡಿದಾಗ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಹುಣ್ಣಿವಿ ದಿವಸ ಎಲ್ಲಮ್ಮನ ಗುಡ್ಡದ ಬಸ್ಸಿಗೆ ಮಂದಿ ನುಗ್ಗಿದಂಗ ಕಾಣಿಸ್ತು. ಮ್ಯಾಲೆ ಆ ಚೆಂಡಂತೂ ದುಂಡಗ ಸೈತ ಇಲ್ಲ. ಮುಂದ ಹೋಗಿ ಗೆರಿ ದಾಟಬೇಕು, ಆದ್ರ ಕೈಯಿಂದ ಒಗದ್ರ ಚೆಂಡು ಹಿಂದನ ಒಗೀಬೇಕಂತ! ಇದ್ಯಾವ ನ್ಯಾಯ ಅಂತ ಕೇಳಿದ್ರ, 'ಕಬಡ್ಡಿಯೊಳಗ ಉಸರು ಬಿಡಬಾರದು ಅಂತಾರಲ್ಲ ಅಮ್ಮಾ, ಅದ್ಯಾವ ನ್ಯಾಯ?' ಅಂದ್ಲು. ಗೆರಿ ದಾಟಿ ಚೆಂಡು ನೆಲಕ್ಕ ಊರಿದ್ರ ಅದು 'ಟ್ರೈ', 5 ಪಾಯಿಂಟು. ಅದಾದ ಮ್ಯಾಲೆ ಒದ್ದು ಕಂಬದ ನಡುವ ದಾಟಿಸಿದ್ರ ಮತ್ತ 2. ಎದುರಿನವರು ತಪ್ಪು ಮಾಡಿದಾಗ ಸಿಗೋ ಪೆನಾಲ್ಟಿ ಒದ್ರ 3. ಇಷ್ಟು ತಿಳದ್ರ ಸಾಕು, ಉಳದದ್ದು ಬಾಜೂ ಮನಿ ಅಜ್ಜ ಚೀರಿ ಚೀರಿ ತಿಳಸತಿದ್ರು.

ಅವರಿಗೆ ನಾವೆಲ್ಲಾ ಓಪಾ ಅಂತಿದ್ವಿ, ಅವರ ಆಫ್ರಿಕಾನ್ಸ್ ಭಾಷಾದಾಗ ಅಜ್ಜ ಅಂತ ಅರ್ಥ. ಎದುರಿನ ಮನಿಯಾಕಿ ಒಬ್ಬಾಕಿ ನರ್ಸು, ಖೋಸಾ ಮಂದಿ, ಈಸ್ಟರ್ನ್ ಕೇಪ್ ಕಡಿಯವರು. ಆಕಿಗೆ ಎಲ್ಲಾರೂ ಸಿಸ್ಟರ್ ಅನ್ನೋರು. ಮಗಳಿಗೆ ವಾರಕ್ಕ ಎರಡು ಸಲ ಬಂದು ಬಿ.ಪಿ. ನೋಡಿ ಹೋಗೋ ಪುಣ್ಯಾತ್ಗಿತ್ತಿ. ಇಬ್ಬರ ಮನಿಯೊಳಗೂ ಟಿವಿ ಇತ್ತು, ಆದ್ರ ಆ ವರ್ಷ ಅಲ್ಲೆ ಕರೆಂಟು ನಮ್ಮ ಕಡಿಗಿಂತ ಕಡಿ. ತಾಸು ತಾಸಿಗೆ ಲೋಡ್ ಶೆಡ್ಡಿಂಗು. ಇನ್ವರ್ಟರ್ ಇದ್ದದ್ದು ನಮ್ಮ ಅಳಿಯಂದ್ರ ಮನಿಯೊಳಗ. ಸಾಲದ್ದಕ್ಕ ಮಗಳು ಎದ್ದು ಹೋಗೂಹಂಗಿಲ್ಲ. ಹಿಂಗಾಗಿ ಮ್ಯಾಚ್ ಇದ್ದ ದಿವಸ ಎಲ್ಲಾರೂ ಇಲ್ಲೇ.

ನವರಾತ್ರಿ ದೀಪಾ ಹಾಕಿದ ದಿವಸ, ಅಕ್ಟೋಬರ್ 15ಕ್ಕ, ಫ್ರಾನ್ಸ್ ಮ್ಯಾಲೆ 29–28. ಸಪ್ತಮಿ ದಿವಸ, 21ಕ್ಕ, ಇಂಗ್ಲಂಡ್ ಮ್ಯಾಲೆ 16–15. ಎರಡೂ ಒಂದೊಂದ ಪಾಯಿಂಟು! ಫ್ರಾನ್ಸ್ ಮ್ಯಾಚಿನ್ಯಾಗ ಚೆಸ್ಲಿನ್ ಕೋಲ್ಬೆ ಅನ್ನೋ ಸಣ್ಣ ದೇಹದ ಹುಡುಗ ಓಡಿ ಬಂದು ಅವರ ಒದ್ದ ಚೆಂಡಿಗೆ ಅಡ್ಡ ಬಿದ್ದು 2 ಪಾಯಿಂಟು ತಪ್ಪಿಸಿದ್ದ. ಲೆಕ್ಕಾ ಹಾಕ್ರಿ, ಅದು ಹೋಗಿದ್ರ ಕಥಿನ ಮುಗೀತಿತ್ತು. ಇಂಗ್ಲಂಡ್ ಮ್ಯಾಚಿನ್ಯಾಗ 15–6 ಹಿಂದ ಬಿದ್ದವರು ಕಡೀ ಹತ್ತು ಹನ್ನೊಂದು ನಿಮಿಷದಾಗ ಎದ್ದು ಗೆದ್ರು. ಅದ ದಿವಸ ಮಧ್ಯಾಹ್ನ ಮುಂಬೈಯೊಳಗ ಕ್ರಿಕೆಟ್ ವರ್ಲ್ಡ್ ಕಪ್ಪಿನ್ಯಾಗ ಇದ ಸೌತ್ ಆಫ್ರಿಕಾದವರು ಇದ ಇಂಗ್ಲಂಡಿಗೆ 229 ರನ್ನಿಲೆ ಬಡದಿದ್ರು. 'ಅತ್ಯಾ, ಗೆದ್ರ ಹಂಗ ಗೆಲ್ಲಬೇಕು ನೋಡ್ರಿ' ಅಂತ ನಮ್ಮ ಅಳಿಯಂದ್ರು. ಅವರು ಕ್ರಿಕೆಟ್ ಬಿಟ್ರ ಬ್ಯಾರೆ ಆಟಕ್ಕ ಕಣ್ಣು ಎತ್ತೋರಲ್ಲ.

28ಕ್ಕ ಫೈನಲ್. ನ್ಯೂಜಿಲಂಡ್ ಮ್ಯಾಲೆ. ಪ್ಯಾರಿಸ್ಸಿನ್ಯಾಗ ರಾತ್ರಿ ಒಂಬತ್ತಕ್ಕ ಶುರು, ಇಲ್ಲೂ ಒಂಬತ್ತ. ಮಧ್ಯಾಹ್ನ ನಮ್ಮ ಮನಿಯವರ ಫೋನು ಬಂತು. 'ಇವತ್ತ ಚಂದ್ರಗ್ರಹಣ ಅದ, ಲಕ್ಷ್ಯಾ ಇರ್ಲಿ. ನಮಗ ರಾತ್ರಿ 1 ಗಂಟಿ 5 ನಿಮಿಷಕ್ಕ ಸ್ಪರ್ಶ, 2.22ಕ್ಕ ಮೋಕ್ಷ. ನಿಮಗ ಮೂರೂವರಿ ತಾಸು ಕಳೀರಿ.' ಕಳದೆ. 9.35ರಿಂದ 10.52. ಅಂದ್ರ ಮ್ಯಾಚಿನ ಬಹಳಷ್ಟು ಭಾಗ ಗ್ರಹಣದ ಹೊಟ್ಟಿಯೊಳಗ!

ನಾ ಕಿಡಕಿಗೆಲ್ಲಾ ಪಡದೆ ಎಳದೆ. ಹಾಲು, ತುಪ್ಪಾ, ಉಪ್ಪಿನಕಾಯಿ ಭರಣಿಗೆಲ್ಲಾ ತುಳಸಿ ಹಾಕಿದೆ, ದರ್ಬಿ ಅಲ್ಲೆಲ್ಲಿಂದ ತರೋದು. ಮಗಳಿಗೆ ಹೇಳಿದೆ, ಸಂಜೀಕ ಉಂಡುಬಿಡು, ಒಂಬತ್ತೂವರಿ ಆದ ಮ್ಯಾಲೆ ಒಳಗಿನ ಖೋಲಿಯೊಳಗ ಮಲಕೋ, ಕತ್ತರಿ ಚಾಕು ಮುಟ್ಟಬ್ಯಾಡ, ಮಂದಿಗೆ ಇವತ್ತ ಬರಬ್ಯಾಡ್ರಿ ಅಂತ ಹೇಳು ಅಂತ. ಆಕಿ 'ಅಮ್ಮಾ, ಎರಡು ತಿಂಗಳಾತು ಆ ಛತ್ತು ನೋಡಿ ನೋಡಿ ನನಗ ಹುಚ್ಚು ಹಿಡೀಲಿಕತ್ತದ, ಇದೊಂದು ಮ್ಯಾಚು ನೋಡ್ತೀನಿ' ಅಂದ್ಲು. ಆವಾಗ ನನ್ನ ಬಾಯಾಗಿಂದ ಬರಬಾರದ್ದು ಬಂತು. 'ಹೋದ ಸಲನೂ ನೀ ನನ್ನ ಮಾತು ಕೇಳಲಿಲ್ಲ.'

ಅಂದ ಮ್ಯಾಲೆ ನಾಲಿಗಿ ಕಡಕೊಂಡ್ರ ಏನು ಬಂತು. ಆಕಿ ಅಳಲೂ ಇಲ್ಲ, ಜಗಳಾನೂ ಮಾಡಲಿಲ್ಲ. ಮಾರಿ ಸೋಫಾದ ಬೆನ್ನಿನ ಕಡೆ ಹೊರಳಿಸಿ ಮಲಗಿದ್ಲು. ಸಂಜೀಕ ಅನ್ನಾ ಸಾರು ಕೊಟ್ಟೆ, ತಿಂದ್ಲು, ತಾಟು ಕೊಟ್ಲು, ಮಾತಿಲ್ಲ. ಮಂದಿಗೆ ಬರಬ್ಯಾಡ್ರಿ ಅಂತ ಹೇಳೋ ಧೈರ್ಯಾ ನನಗೂ ಉಳೀಲಿಲ್ಲ. ಎಂಟೂಮುಕ್ಕಾಲಕ್ಕ ಓಪಾ ಹಸರು-ಬಂಗಾರ ಬಣ್ಣದ ಅಂಗಿ ಹಾಕ್ಕೊಂಡು, ಆ ಪಾಕೀಟು ಹಿಡಕೊಂಡು ಬಂದೇ ಬಂದ್ರು. ಹಿಂದ ಸಿಸ್ಟರ್ ಬಂದ್ಲು, ಡ್ಯೂಟಿ ಡ್ರೆಸ್ಸಿನ್ಯಾಗ.

ಮ್ಯಾಚಿನ ಪೂರಾ ಕಥಿ ಹೇಳೂದಿಲ್ಲ. ಶುರು ಆಗಿ ಮೂರು ನಾಲ್ಕು ನಿಮಿಷದಾಗ ನಮ್ಮವರ (ನೋಡ್ರಿ, ಎರಡು ವಾರದಾಗ 'ನಮ್ಮವರು' ಆಗಿಬಿಟ್ರು) ಬೊಂಗಿ ಎಂಬೊನಾಂಬಿ ಮೊಣಕಾಲು ನೋವಾಗಿ ಹೊರಗ ಹೋದ. ಅರ್ಧಾ ತಾಸಿನ್ಯಾಗ ನ್ಯೂಜಿಲಂಡಿನ ಕ್ಯಾಪ್ಟನ್ ಸ್ಯಾಮ್ ಕೇನ್‌ಗ ಕಾರ್ಡು ತೋರಿಸಿ ಹೊರಗ ಕಳಿಸಿದ್ರು, ಮೊದಲ ಹಳದಿ, ಆಮ್ಯಾಲೆ ಅದ ಕೆಂಪಾತು. ಅವರು 14 ಮಂದಿ, ನಮ್ಮವರು 15. ಅರ್ಧಕ್ಕ 12–6. ಹಾಂಡ್ರೆ ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದಿದ್ದ. ಇನ್ನ ನಮ್ದ ಅಂತ ಓಪಾ ಕಾಲು ಚಾಚಿದ್ರು. ಅದಾದ ಮ್ಯಾಲೆ ನಮ್ಮವರ ಖಾತೆಕ್ಕ ಒಂದು ಪಾಯಿಂಟ್ ಸೈತ ಜಮಾ ಆಗಲಿಲ್ಲ. 14 ಮಂದಿ ಇದ್ದವರ ಮ್ಯಾಲಿಂದ ಮ್ಯಾಲೆ ಏರಿ ಬಂದ್ರು. ಬೋಡನ್ ಬ್ಯಾರೆಟ್ ಟ್ರೈ ಹೊಡದ, 12–11. ಕಡೀಕ ಏಳು ನಿಮಿಷ ಇದ್ದಾಗ ಅದ ಕೋಲ್ಬೆ ಕೈಯಿಂದ ತಪ್ಪಾಗಿ ಹಳದಿ ಕಾರ್ಡು. ಅಂವ ಹೊರಗ ಖುರ್ಚಿ ಮ್ಯಾಲೆ ಕೂತು ಅಂಗಿ ಎತ್ತಿ ಮಾರಿ ಮುಚ್ಕೊಂಡುಬಿಟ್ಟ. ಗ್ರಹಣ ನೋಡಬಾರದು ಅಂತ ನಾ ಪಡದೆ ಎಳದಿದ್ನಲ್ಲ, ಥೇಟ್ ಹಂಗ. ಆ ಹುಡುಗಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರೊಂದು ದೂರಿಂದ ಒದ್ರು, ಹೋಗಲಿಲ್ಲ. ಮುಗೀತು. 12–11. ಹೊರಗೆಲ್ಲಾ ಗಾಡಿ ಹಾರನ್ನು, ಪಟಾಕಿ. ನಾಲ್ಕನೇ ಸಲ ಕಪ್ಪು, 1995, 2007, 2019, ಈಗ 2023. ಬ್ಯಾರೆ ಯಾವ ದೇಶಕ್ಕೂ ನಾಲ್ಕು ಇಲ್ಲಂತ. ಹೆಚ್ಚುಕಡಿಮಿ ಅದ ಹೊತ್ತಿಗೆ ಗ್ರಹಣಾನೂ ಬಿಟ್ಟಿತು. ನಾ ಗೀಜರ್ ಹಾಕಿ ಬಂದೆ, ಮೋಕ್ಷದ ಸ್ನಾನಕ್ಕ. ಬಂದು ನೋಡಿದ್ರ ಓಪಾ ಮಾರಿ ಮ್ಯಾಲೆ ನಗಿ ಇಲ್ಲ.

'ಗೆದ್ದದ್ದೇನೋ ಖರೆ' ಅಂದ್ರು. ಆ 'ಆದ್ರ' ಬರೋದು ನನಗ ಗೊತ್ತಿತ್ತು, ನಮ್ಮ ಮನಿಯವರು ಮಗಳ ಮಾರ್ಕ್ಸ್ ಕಾರ್ಡ್ ನೋಡಿದಾಗೆಲ್ಲಾ ಇದ ರಾಗಾ ತಗೀತಿದ್ರು. 'ಆದ್ರ ಇದೇನು ಆಟಾನ? ಹದಿನಾಲ್ಕು ಮಂದಿ ಮುಂದ ಹದಿನೈದು ಮಂದಿ ನಡುಗಿದ್ರು. ಒಂದು ಟ್ರೈ ಇಲ್ಲ. ಹುಕ್ಕರ್ ಮಾಲ್ಕಮ್ ಮಾರ್ಕ್ಸ್ ಗಾಯ ಆಗಿ ಹೋದಾಗ ಅವನ ಬದಲಿ ಒಬ್ಬ ಹುಕ್ಕರ್ ತರಬೇಕೋ ಬ್ಯಾಡೋ? ತಂದವರು ಯಾರನ್ನ? ಒದಿಯೋ ಪೊಲಾರ್ಡ್‌ನ! ಇವತ್ತ ಬೊಂಗಿ ಬಿದ್ದ, 37 ವರ್ಷದ ಡಿಯಾನ್ ಫೂರೀನ ನಿಲ್ಲಿಸಿದ್ರು. ಲೈನ್ಔಟ್ ಎಲ್ಲಾ ಹಾಳಾತು.'

ಸಿಸ್ಟರ್ ಸ್ವೆಟರ್ ಹಾಕ್ಕೋಲಿಕ್ಕೆ ಹತ್ತಿದಾಕಿ ನಿಂತ್ಲು. 'ಆ ಒದಿಯಾಂವ ಇಲ್ಲದಿದ್ರ ನಿಮ್ಮ 12 ಪಾಯಿಂಟು ಎಲ್ಲಿಂದ ಬರ್ತಿದ್ವು? ಹನ್ನೆರಡಕ್ಕ ಹನ್ನೆರಡೂ ಅವಂದ. ಹೋದ ವಾರ ಇಂಗ್ಲಂಡ್ ಮ್ಯಾಲೆ ಗೆದ್ದ ಕಿಕ್ಕೂ ಅವಂದ.'

'ಅದ ನಾನೂ ಅನ್ನೋದು. ಬರೇ ಒದ್ದು ಗೆಲ್ಲೋದು.'

'95ರಾಗ ಎಲ್ಲಿಸ್ ಪಾರ್ಕಿನ್ಯಾಗ ಇದ ನ್ಯೂಜಿಲಂಡ್ ಮ್ಯಾಲೆ 15–12. ನೀವು ಅಲ್ಲೇ ಕೂತಿದ್ರಿ ಅಂತ ನೂರು ಸಲ ಹೇಳೀರಿ. ಅವತ್ತ ಟ್ರೈ ಎಷ್ಟು?'

ಓಪಾ ಬಾಯಿ ತಗದು ಮುಚ್ಚಿದ್ರು. ಅವತ್ತೂ ಸೊನ್ನಿ. 2007ರ ಫೈನಲ್ಲಿನ್ಯಾಗೂ ಸೊನ್ನಿ. ನಾಲ್ಕು ಕಪ್ಪಿನ್ಯಾಗ ಫೈನಲ್ ದಿವಸ ಟ್ರೈ ಹೊಡದು ಗೆದ್ದದ್ದು 2019ರಾಗ ಒಂದ ಸಲ. 'ಅವತ್ತ ಮಂಡೇಲಾ 6ನೇ ನಂಬರಿನ ಅಂಗಿ ಹಾಕ್ಕೊಂಡು ಬಂದಿದ್ರು, ಅವತ್ತಿಂದು ಬ್ಯಾರೆ' ಅಂದ್ರು ಓಪಾ.

'ಅವತ್ತಿನ ತನಕಾ ನಮ್ಮಪ್ಪ ನಿಮ್ಮ ಸ್ಪ್ರಿಂಗ್‌ಬಾಕ್ ಸೋಲಲಿ ಅಂತ ಬೇಡ್ಕೋತಿದ್ದ. ಯಾರು ಹೊರಗಿಂದ ಬಂದ್ರೂ ಅವರಿಗೆ ಚಪ್ಪಾಳಿ' ಅಂದ್ಲು ಸಿಸ್ಟರ್. ದನೀಯೊಳಗ ಸಿಟ್ಟಿರಲಿಲ್ಲ. 'ಇವತ್ತ ಆ 6ನೇ ನಂಬರು ಸಿಯಾ ಕೊಲಿಸಿದು. ಜ್ವಿಡೆ ಟೌನ್‌ಶಿಪ್ಪಿನ ಹುಡುಗ ಕಪ್ ಎತ್ತಿದ. ನನಗ ಒಂದ ಪಾಯಿಂಟು ಸಾಕು ಓಪಾ. ನಿಮಗ ಹೆಚ್ಚು ಬೇಕಾಗೇದ, ಯಾಕಂದ್ರ ನಿಮಗ ಮೊದಲಿಂದಾನೂ ಸಿಕ್ಕದ.'

ನಮ್ಮ ಅಳಿಯಂದ್ರಿಗೆ ಇದು ಎಲ್ಲಿಗೋ ಹೊಂಟದ ಅನ್ನಿಸಿ, ನಿನ್ನೆ ಚೆನ್ನೈಯೊಳಗ ಪಾಕಿಸ್ತಾನದ ಮ್ಯಾಲೆ ಇದ ದೇಶ ಒಂದ ವಿಕೆಟ್ಟಿನಿಂದ ಗೆದ್ದದ್ದು, ಕೇಶವ ಮಹಾರಾಜ ಕಡೀ ಫೋರ್ ಹೊಡದದ್ದು ತಗದ್ರು. ಯಾರೂ ಕೇಳಲಿಲ್ಲ.

ಓಪಾ ಬಿಡೋ ಪೈಕಿ ಅಲ್ಲ. 'ಇರ್ಲಿ. ಆದ್ರ ಎರಡನೇ ಅರ್ಧಾ ಪೂರಾ ಏನು ಮಾಡಿದ್ರು ಹೇಳು. ಏನೂ ಇಲ್ಲ. ಬರೇ ಹಿಡಕೊಂಡು ಕೂತ್ರು. ಸುಮ್ನ ಹಿಡಕೊಂಡು ಕೂಡೋದು ಆಟ ಅಲ್ಲ.'

'ಹಿಡಕೊಂಡು ಕೂಡೋದು ಅಂದ್ರ ಏನಂತ ನಿಮಗ ಗೊತ್ತದ ಏನು?'

ಅಂದದ್ದು ಮಗಳು. ಮಧ್ಯಾಹ್ನದಿಂದ ಆಕಿ ಆಡಿದ ಮೊದಲನೇ ಮಾತು. ಕಾಲ ಕೆಳಗ ಎರಡು ತಲಿದಿಂಬು, ಕೈ ಹೊಟ್ಟಿ ಮ್ಯಾಲೆ. ಹೊರಗ ಪಟಾಕಿ ಹಾರ್ಲಿಕತ್ತಿದ್ವು, ಒಳಗ ಟಿವಿ ದನಿ ಒಂದ. ಓಪಾ ಆಕಿ ಮಾರಿ ನೋಡಿದ್ರು, ದಿಂಬು ನೋಡಿದ್ರು. ಕೆಂಪು ಮಾರಿ ಇನ್ನೂ ಕೆಂಪಾತು. ಬಗ್ಗಿ, ಜಾರಿ ಬಿದ್ದಿದ್ದ ಮೂರನೇ ದಿಂಬು ಎತ್ತಿ, ಧೂಳಿ ಝಾಡಿಸಿ, ಆಕಿ ಕಾಲ ಹತ್ರ ಇಟ್ರು. ಸಿಸ್ಟರ್ ಮೆಲ್ಲಕ 'ಪೀಟರ್-ಸ್ಟೆಫ್ ಡು ಟಾಯ್ಟ್ ಒಬ್ಬನ 28 ಮಂದೀನ ಕೆಡವ್ಯಾನ ಇವತ್ತ. ಅವನ ಮ್ಯಾನ್ ಆಫ್ ದ ಮ್ಯಾಚ್' ಅಂದ್ಲು. 'ಹೌದು, ಅಂವ ಆಡಿದ' ಅಂದ್ರು ಓಪಾ. 'ಅದು ಚೊಲೊ ಆಟನ.'

ನಾ ಅಡಿಗಿ ಮನಿಗೆ ಹೋದೆ. ಹಾಲು ಕಾಸಲಿಕ್ಕೆ ಇಟ್ಟು ನಿಂತೆ. ಎರಡು ತಿಂಗಳಿಂದ ಮಂದಿಗೆ ಫೋನಿನ್ಯಾಗ ನಾನೂ ಅದನ್ನ ಹೇಳ್ತಿದ್ದೆ, 'ಏನಿಲ್ರಿ, ಸುಮ್ನ ಮಲಗ್ಯಾಳ ನೋಡ್ರಿ'. ಸುಮ್ನ!

ಎಲ್ಲಾರೂ ಹೋದ ಮ್ಯಾಲೆ ಬಿಸಿನೀರು ತಣ್ಣೀರು ಕಲಿಸಿ ಕರದೆ. ಎದ್ದು ಬಂದ್ಲು. ಬೆನ್ನಿಗೆ ನೀರು ಹಾಕೋವಾಗ, 'ಹೋದ ಸಲದ್ದು ನಿನ್ನ ತಪ್ಪಲ್ಲ. ಡಾಕ್ಟರು ಹೇಳ್ಯಾರ. ನನಗೂ ಗೊತ್ತದ' ಅಂದೆ. ಆಕಿ ತಿರುಗಿ ನೋಡಲಿಲ್ಲ. 'ನೀರು ಇನ್ನೊಂದು ಸ್ವಲ್ಪ ಬಿಸಿ ಇರ್ಲಿ ಅಮ್ಮಾ' ಅಂದ್ಲು. ಹಾಕಿದೆ.

ಮರುದಿವಸ ಬೆಳಿಗ್ಗೆ ಓಪಾ ಗೇಟಿನ ಹತ್ರ ಯಾರಿಗೋ ಅದ ಹುಕ್ಕರ್ ಪುರಾಣ ಹೇಳ್ಲಿಕತ್ತಿದ್ರು. 30ಕ್ಕ ಅಲ್ಲಿಯ ಅಧ್ಯಕ್ಷರು ಕಪ್ ಗೆದ್ದ ಖುಷಿಗೆ ಡಿಸೆಂಬರ್ 15ಕ್ಕ ದೇಶಕ್ಕೆಲ್ಲಾ ಸೂಟಿ ಕೊಟ್ರು. ನಮಗ ಹೊಲಿಗಿ ಬಿಚ್ಚಲಿಕ್ಕೆ ಕೊಟ್ಟ ತಾರೀಖೂ ಅದ, 15. ವಾರದ ಮ್ಯಾಲೆ ದವಾಖಾನಿಯಿಂದ ಫೋನು ಬಂತು, 14ಕ್ಕ ಬರ್ರಿ ಅಂತ. ಓಪಾಗ ಹೇಳಿದ್ರ, 'ಆ ಪೊಲಾರ್ಡ್ ನಿಮ್ಮ ಡಾಕ್ಟರದೂ ತಾರೀಖು ಬದಲಿ ಮಾಡಿಬಿಟ್ಟ' ಅಂತ ನಕ್ರು. ನಾ ಈಗ ಅಂಟಿನುಂಡಿ ಯಾವತ್ತ ಕಟ್ಟಬೇಕು ಅಂತ ಮತ್ತ ಮೊದಲಿಂದ ಲೆಕ್ಕಾ ಹಾಕ್ಲಿಕತ್ತೇನಿ. ಧಾರವಾಡದಿಂದ ತಂದ ಅಂಟು ಡಬ್ಬಿಯೊಳಗ ಹಂಗ ಅದ. ಒಣಾ ಕೊಬ್ಬರಿ ಮಾತ್ರ ಸಾಲೂದಿಲ್ಲ.